ಹಳೇಬೀಡಿನ ಕಂಬವೂ ನಮ್ಮ ಮಾವನ ಉಗುರೂ

ನಮ್ಮ ಸೋದರಮಾವನಿಗೆ ದೇವರ ಮೇಲೆ ಬೇಕಾದಷ್ಟು ಭಕ್ತಿಯಿದೆ. ಆದರೆ ದೇವರು ಮಾಡಿದ ಯಾವ ಕೆಲಸವೂ ಅವರಿಗೆ ಇದುವರೆಗೆ ಹಿಡಿಸಿಲ್ಲ. ಮನುಷ್ಯರು ಮಾಡಿದ್ದರ ಬಗ್ಗೆಯಂತೂ ಕೇಳಲೇಬೇಡಿ! ಕಾಮಾಕ್ಷಿಪಾಳ್ಯದ ಗಲ್ಲಿಯೊಂದರಲ್ಲಿ ನಲವತ್ತು ವರ್ಷದಿಂದ ಲೇತ್ ಮೆಷಿನ್ ಇಟ್ಟುಕೊಂಡು ಕಬ್ಬಿಣ ಕಡೆಯುತ್ತಿರುವವರು ಅವರು. ತಿರುಗುವ ಕಬ್ಬಿಣವನ್ನು ದುಂಡಗೆ, ನುಣ್ಣಗೆ ಮಾಡುವುದು ಅವರ ಕಸುಬು. ಜಗತ್ತಿನಲ್ಲಿ ಮಿಕ್ಕ ಯಾವುದೂ ಸರಿಯಾಗಿ ದುಂಡಗಿಲ್ಲ ಎಂದು ಕೊರಗುವುದು ಹವ್ಯಾಸ. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವರು ಅಳತೆಯ ಕ್ಯಾಲಿಪರ್ ಇಟ್ಟಿರುತ್ತಾರೆ. ಅದರ ಮೇಲೂ ಪೂರ್ತಿ ನಂಬಿಕೆಯಿಲ್ಲ. ಕೊನೆಯ ತೀರ್ಪು ಹೆಬ್ಬೆರಳಿನ ಉಗುರಿನದು. ಕಡೆದ ವಸ್ತುವಿನ ಮೇಲೆ ಉಗುರು ಆಡಿಸಿದಾಗ ಎಲ್ಲಾದರೂ ಒಂದಿಷ್ಟು ತಗಲಿತೋ, ರಿಜೆಕ್ಟ್!

ಅತ್ತೆಯ ಚಪಾತಿ ಮದುವೆಯಾದ ವಾರದಲ್ಲೇ ರಿಜೆಕ್ಟ್ ಆಗಿತ್ತಂತೆ. ನನ್ನನ್ನು ನೋಡಲು ವಿಜಯನಗರದ ನಮ್ಮ ಮನೆಗೆ ಬಂದ ಗಂಡಿನ ಬಗ್ಗೆ ಕೇಳಿದರೆ, ಹುಡುಗನೇನೋ ಒಳ್ಳೆಯವನೇ, ತಲೆ ಮಾತ್ರ ಸೆಂಟರ್ ಔಟ್ ಎಂದಿದ್ದರು. ಆ ತಲೆಯ ಜತೆ ನಾನು ಹನ್ನೆರಡು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಮಾವ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ!

ಹೋದ ತಿಂಗಳು ನಡೆದದ್ದು ಮಾತ್ರ ತಮಾಷೆಯಲ್ಲ. ಲೇತ್ ಮುಂದೆ ನಿಂತಿದ್ದ ಮಾವನ ಬೆರಳು ಕುಯ್ದುಕೊಂಡಿತು. ಅದು ಅವರಿಗೆ ಗೊತ್ತಾದದ್ದು ನೆಲದ ಮೇಲೆ ರಕ್ತ ಕಂಡ ಮೇಲೆ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಹೋಗುತ್ತಿದೆ, ಇನ್ನು ಮೆಷಿನ್ ಮುಟ್ಟಬೇಡಿ ಎಂದರು ಡಾಕ್ಟರು. ಡಾಕ್ಟರೂ ರಿಜೆಕ್ಟ್! ಬೆರಳಿಗೇನೂ ಆಗಿಲ್ಲ, ಕೆಲಸದ ಧ್ಯಾನದಲ್ಲಿ ಗೊತ್ತಾಗಲಿಲ್ಲ ಅಷ್ಟೆ ಎಂದು ಮಾವನ ವಾದ. ಅತ್ತೆ ಅತ್ತರು, ಮಾತು ಬಿಟ್ಟರು, ಊಟ ಬಿಟ್ಟರು. ಯಾವುದೂ ನಡೆಯದೆ ಕೊನೆಗೆ ಪಂದ್ಯ ಕಟ್ಟಿದರು. ಹಳೇಬೀಡಿನ ಕಂಬಗಳನ್ನು ಕಲ್ಲು ತಿರುಗಿಸಿ ಕಡೆದಿದ್ದಾರಂತೆ. ಅವುಗಳಲ್ಲಿ ಒಂದೇ ಒಂದು ತಪ್ಪು ಹುಡುಕಿದರೆ ಮಾವ ಇಷ್ಟ ಬಂದಷ್ಟು ದಿನ ಲೇತ್ ನಡೆಸಬಹುದು. ಸಿಗದಿದ್ದರೆ ಸೋಮವಾರವೇ ವರ್ಕ್‌ಶಾಪಿನ ಬಾಗಿಲು ಹಾಕಬೇಕು. ಗಂಡನನ್ನು ಬಿಟ್ಟು ಹೊಯ್ಸಳರನ್ನು ನಂಬಿದ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು. ಮಾವ ಒಂದೇ ಮಾತಿಗೆ ಒಪ್ಪಿದರು. ಕಾರು ಓಡಿಸಲು ನನ್ನನ್ನು ಹಿಡಿದರು.

ದಾರಿಯಲ್ಲಿ ತಿಂಡಿಗೆ ನಿಂತೆವು. ವಡೆಯ ತೂತು ನಡುವೆ ಇಲ್ಲ ಎಂದು ಮಾವ ತಟ್ಟೆ ವಾಪಸು ಕಳಿಸಿದರು. ಬಡಿಸುವವನು ಪಾಪ, ಜಗಳವಾಡಲಿಲ್ಲ. ಒಳಗೆ ಹೋಗಿ ಇನ್ನೊಂದು ತಂದಿಟ್ಟ.

"ಸಾರ್, ಇದ್ರಲ್ಲಿ ತೂತೇ ಬಿದ್ದಿಲ್ಲ. ಪರ್ವಾಗಿಲ್ವಾ?"

ಮಾವ ಅದನ್ನು ಚಟ್ನಿಗೆ ಅದ್ದಿ ಪೂರ್ತಿ ತಿಂದರು.

ಹೊಯ್ಸಳೇಶ್ವರನ ಗುಡಿಯ ಗೋಡೆಯಲ್ಲಿ ಸಾಲು ಸಾಲು ಆನೆಗಳನ್ನು ನೋಡಿ ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಮಾವ ಅವಕ್ಕೆ ಬೆನ್ನು ಹಾಕಿ ಒಳಗೆ ನಡೆದರು. ಆನೆಯೆಲ್ಲ ಕೈಕೆಲಸ, ಅದು ಅವರ ಡಿಪಾರ್ಟ್‌ಮೆಂಟ್ ಅಲ್ಲವಂತೆ! ಒಳಗೆ ಗೈಡು ಕಂಬಗಳ ಮಹಿಮೆ ಬಣ್ಣಿಸುತ್ತಿದ್ದ. ಮಾವ ಅವನ ಹತ್ತಿರ ಹೋಗಿ, ಕಲ್ಲನ್ನು ನಿಲ್ಲಿಸಿ ತಿರುಗಿಸಿದರೋ ಮಲಗಿಸಿ ತಿರುಗಿಸಿದರೋ, ನಿಮಿಷಕ್ಕೆ ಎಷ್ಟು ಸುತ್ತು, ಉಳಿ ಹಿಡಿದವನು ಯಾವ ಕಡೆ ನಿಂತಿದ್ದ ಎಂದು ವಿಚಾರಣೆ ಶುರು ಮಾಡಿದರು. ಎರಡು ನಿಮಿಷದಲ್ಲಿ ಗೈಡು ಮೆಲ್ಲಗೆ ಇನ್ನೊಂದು ಗುಂಪಿನೊಳಗೆ ಕರಗಿಹೋದ. ಮಾವ ದಾರ ಸುತ್ತಿ ಅಳೆದರು, ಒಂದು ಕಣ್ಣು ಮುಚ್ಚಿ ನೋಡಿದರು, ಕಂಬದಿಂದ ಕಂಬಕ್ಕೆ ಪ್ರದಕ್ಷಿಣೆ ಹಾಕಿದರು. ಆ ದೇವಸ್ಥಾನದಲ್ಲಿ ಅಷ್ಟು ಪ್ರದಕ್ಷಿಣೆ ಹಾಕಿದ ಭಕ್ತ ಇನ್ನೊಬ್ಬನಿರಲಾರ! ತಪ್ಪು ಸಿಗಲಿಲ್ಲ. ಅತ್ತೆ ಹೊರಗೆ ಹುಲ್ಲಿನ ಮೇಲೆ ಕೂತು ನಿಶ್ಚಿಂತೆಯಾಗಿ ಪುಳಿಯೋಗರೆ ಡಬ್ಬಿ ಬಿಚ್ಚಿದರು.

ಉಳಿದದ್ದು ಅಲ್ಲೇ ಹತ್ತಿರದ ಜೈನ ಬಸದಿ. ಅಲ್ಲಿಯ ಕರಿ ಕಂಬಗಳಿಗೆ ಎಂಥ ಹೊಳಪು! ಬಂದವರೆಲ್ಲ ಅವುಗಳಲ್ಲಿ ಮುಖ ನೋಡಿಕೊಂಡು ಕೂದಲು ತೀಡಿಕೊಳ್ಳುತ್ತಿದ್ದರು. ಮಾವ ಒಂದು ಕಂಬದ ಬುಡದಲ್ಲಿ ಕೂತು ಉಗುರು ಆಡಿಸಿದರು. ಮತ್ತೆ ಅದೇ ಜಾಗದಲ್ಲಿ ಆಡಿಸಿದರು. ಆಮೇಲೆ ಎಡಗೈಯಿಂದ ಆಡಿಸಿದರು. ಎಷ್ಟು ಹೊತ್ತಾದರೂ ರಿಜೆಕ್ಟ್ ಎಂಬ ಮಾತು ಬರಲಿಲ್ಲ. ಕೊನೆಗೆ ನನ್ನನ್ನು ಕರೆದರು. ಮಾವ ಒಂದು ಕೆಲಸದ ಬಗ್ಗೆ ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇಲ್ಲಿ ಉಗುರು ಆಡ್ಸು ನೋಡಣ. ಏನಾದ್ರೂ ತಗಲುತ್ತಾ?"

ಆಡಿಸಿದೆ. ಕೂದಲಿನಷ್ಟು ಸಣ್ಣ ಗೆರೆಯೊಂದು ಉಗುರಿಗೆ ಸಿಕ್ಕಿತು. ಮಾವ ಗೆದ್ದರಲ್ಲ ಎಂದು ನನಗೆ ಖುಷಿಯೋ ಖುಷಿ!

"ತಗಲುತ್ತೆ ಮಾವ, ಚೆನ್ನಾಗೇ ತಗಲುತ್ತೆ. ನೀವೇ ಗೆದ್ರಿ."

ಮಾವ ನಗಲಿಲ್ಲ. ಆ ಜಾಗವನ್ನೇ ನೋಡುತ್ತಾ ಕೂತರು.

"ಕಣ್ಣಿಗೆ ನಂಗೂ ಕಾಣ್ತಾ ಇದೆ ಕಣೇ. ಬೆರಳಿಗೆ ಗೊತ್ತಾಗ್ತಿಲ್ಲ."

ಹಿಂದೆಯೇ ಬಂದು ನಿಂತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಕಂಬದಲ್ಲಿ ತಪ್ಪು ಸಿಕ್ಕಿದೆ, ಪಂದ್ಯ ನಿಮ್ಮದೇ, ನಡೆಸಿಕೊಳ್ಳಿ ನಿಮ್ಮ ಲೇತು ಎಂದರು. ಮಾವ ಕಂಬ ಹಿಡಿದುಕೊಂಡು ನಿಧಾನವಾಗಿ ಎದ್ದರು.

"ಕಂಬ ಪಾಸು. ಸೋಮವಾರ ಬಾಗಿಲು ಹಾಕ್ತೀನಿ."

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಅತ್ತೆ ಅವರ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ನೀವುತ್ತಿದ್ದರು. ಮಾವ ಕಿಟಕಿಯಾಚೆ ನೋಡುತ್ತಿದ್ದರು. ಅತ್ತೆ ಯಾವ ಬೆರಳು ಹಿಡಿದಿದ್ದಾರೆ ಎಂದು ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ, ನನಗೆ ಕೇಳುವ ಧೈರ್ಯವಾಗಲಿಲ್ಲ. ಏನೂ ತಗಲುತ್ತಿಲ್ಲ ಮಾವ ಎಂದು ನಾನೊಂದು ಸುಳ್ಳು ಹೇಳಬಹುದಿತ್ತು. ಆಗ ಪಂದ್ಯ ಸೋಲುತ್ತಿದ್ದರು, ಬಾಗಿಲು ಆಗಲೂ ಹಾಕುತ್ತಿದ್ದರು. ಆದರೆ ಕಣ್ಣಿಗೆ ಕಂಡ ಗೆರೆ ಬರೀ ನೆರಳು, ಬೆರಳು ನೆಟ್ಟಗಿದೆ ಎಂದುಕೊಂಡು ಮನೆಗೆ ಬರುತ್ತಿದ್ದರು. ಅಷ್ಟು ಸಣ್ಣ ಸುಳ್ಳು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲವಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.