ಕರದಂಟು ತಿಂದ ವೀರ

ಶೂರರ ಕಥೆ ಬರೆಯುವವರು ಸಾಮಾನ್ಯವಾಗಿ ಪುಕ್ಕಲರೇ ಆಗಿರುತ್ತಾರೆ ಎಂಬುದು ನನ್ನ ಅನುಭವ. ನಿಜವಾದ ಶೂರರಿಗೆ ಬರೆಯುತ್ತ ಕೂರಲು ಪುರುಸೊತ್ತೆಲ್ಲಿ? ನಾನಂತೂ ಮೈಮೇಲೆ ಹಲ್ಲಿ ಬಿದ್ದರೆ ದೇವರನ್ನೂ ಹೆಂಡತಿಯನ್ನೂ ಒಟ್ಟಿಗೇ ಕೂಗುವವನು. ಯಾರನ್ನು ಮೊದಲು ಕೂಗುತ್ತೇನೆಂದು ದಯವಿಟ್ಟು ಕೇಳಬೇಡಿ. ಇಳಕಲ್ಲಿನ ಸಣ್ಣ ಮಿಶನ್ ಶಾಲೆಯಲ್ಲಿ ನಾನು ಮಾಸ್ತರ, ಪಾದ್ರಿಗಳು ಬಾರದ ಭಾನುವಾರಗಳಲ್ಲಿ ಪ್ರಸಂಗವನ್ನೂ ನಾನೇ ಮಾಡುತ್ತೇನೆ.

ಇಂಥ ನಾನು ವಜ್ರಬಾಹು ಎಂಬ ರಾಜಕುಮಾರನನ್ನು ಸೃಷ್ಟಿಸಿದೆ. ಅವನಿಗೊಂದು ರೆಕ್ಕೆಯ ಕುದುರೆ ಕೊಟ್ಟೆ. ಬಾದಾಮಿಯ ಕೆಂಪು ಗುಡ್ಡದ ಹೊಟ್ಟೆಯೊಳಗೆ ಏಳು ತಲೆಯ ರಾಕ್ಷಸನೊಬ್ಬನನ್ನು ಕೂರಿಸಿ, ಅಧ್ಯಾಯಕ್ಕೊಂದು ತಲೆಯಂತೆ ಉರುಳಿಸುತ್ತ ಹೋದೆ. ನನ್ನ ಕುಮಾರನಿಗೆ ಹಸಿವಿಲ್ಲ, ನಿದ್ದೆಯಿಲ್ಲ, ನೆಗಡಿ ಕೂಡ ಇಲ್ಲ. ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾತ್ರ ತಪ್ಪಿಸುತ್ತಿರಲಿಲ್ಲ. ಇದನ್ನೆಲ್ಲ ಕೇಳುವವರು ಬೇಕಲ್ಲ? ಅದಕ್ಕೆ ನಮ್ಮ ಮನೆಯ ಮಗ್ಗವೇ ಸಭೆಯಾಯಿತು. ನಮ್ಮೂರಿನ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಅರ್ಧ ದಿನ ಹಿಡಿಯುವ ಕೆಲಸ, ಒಬ್ಬರ ಕೈ ನಿಂತರೆ ಎಲ್ಲರ ಕೈಯೂ ನಿಲ್ಲುತ್ತದೆ. ಹಾಗಾಗಿ ಕೂತವರಿಗೆ ಬೇಸರ ಬಾರದಂತೆ ಯಾರಾದರೊಬ್ಬರು ಕಥೆ ಹೇಳುವುದು ವಾಡಿಕೆ. ನನ್ನ ಹೆಂಡತಿ ಮಾರ್ತವ್ವ, ಅವಳ ತಮ್ಮ ಯೋಹಾನ, ಪಕ್ಕದ ಮನೆಯ ಫಾತಿಮಾಬಿ ಎಳೆ ಕೂಡಿಸುತ್ತಿದ್ದರು. ನಾನು ತಲೆ ಉರುಳಿಸುತ್ತಿದ್ದೆ.

ಮೂರನೆಯ ತಲೆ ಉರುಳಿದ ದಿನ ಮಾರ್ತವ್ವ ಕೇಳಿದಳು: "ರೀ, ನಿಮ್ಮ ಕುಮಾರನ ಎದಿ ಒಮ್ಮೆರ ಡವಡವ ಅಂದೈತೇನ್ರಿ?"

"ವೀರನ ಎದಿ ಯಾಕ ಡವಡವ ಅಂದೀತು?"

ಅವಳು ಎಳೆ ಕೂಡಿಸುತ್ತಲೇ ಇದ್ದಳು. ತಮ್ಮ ಎದ್ದು ಹೊರಗೆ ಹೋದ ಮೇಲೆ ಮೆಲ್ಲಗೆ ಅಂದಳು: "ಹಂಗಾರ ನಮ್ಮ ಯೋಹಾನಗ ಅವನಿಂದ ಏನ್ ಉಪಯೋಗ? ಸ್ವಾಮಿ ಜೋಡಿ ತಿರುಗಿದ ಶಿಷ್ಯನೇ, ಅವ್ರನ್ನ ಶಿಲುಬಿಗೆ ಹಾಕಾಕ ಹಿಡದ ರಾತ್ರಿ, ಬೆಂಕಿ ಕಾಸ್ಕೋತ ಕುಂತು, ಅವ್ರು ಯಾರೋ ನನಗ ಗೊತ್ತಿಲ್ಲ ಅಂದ. ಅಂಥಾವನ್ನೂ ಸ್ವಾಮಿ ಹೊರಗ ಹಾಕಲಿಲ್ಲ. ಅಂಥಾವನೊಬ್ಬನ್ನ ಬರೀರಿ."

ಯೋಹಾನನ ಸಂಕಟ ಇಷ್ಟು. ಎರಡು ವರ್ಷದ ಹಿಂದೆ ಪ್ಲೇಗು ಬಂದು ಊರೆಲ್ಲ ಹೊರಗಿನ ಗುಡಿಸಲುಗಳಿಗೆ ಹೋದಾಗ ನಮ್ಮ ಅತ್ತೆಗೂ ಜ್ವರ ಹತ್ತಿತು. ಯೋಹಾನ ಹೆದರಿ ಓಡಿಹೋದ. ನಾಲ್ಕನೆಯ ದಿನ ತಾನಾಗಿಯೇ ತಿರುಗಿ ಬಂದು ತಾಯಿಯ ಸೇವೆಗೆ ನಿಂತ. ಆಗ ನಾನು ಊರಿನಲ್ಲಿರಲಿಲ್ಲ, ಪರೀಕ್ಷೆಯ ಕೆಲಸವಿತ್ತು. ಅತ್ತೆ ಬದುಕಿಕೊಂಡರು, ಹೋದ ವರ್ಷ ಮಗನ ಕೈಯ ಗಂಜಿ ಕುಡಿದೇ ಸಮಾಧಾನದಿಂದ ತೀರಿಕೊಂಡರು. ಆದರೆ ಅಂದಿನಿಂದ ಯೋಹಾನ ದೇವಾಲಯದಲ್ಲಿ ಚಪ್ಪಲಿ ಬಿಡುವ ಜಾಗದಲ್ಲೇ ಕೂರುತ್ತಿದ್ದ, ಸ್ವಾಮಿಯ ನೆನಪಿಗೆ ರೊಟ್ಟಿ ಕೊಡುವ ಪವಿತ್ರ ಭೋಜನಕ್ಕೆ ಮುಂದೆ ಬರುತ್ತಿರಲಿಲ್ಲ. ಈಗ, ಮಗ್ಗದ ಮೇಲಿನ ಸೀರೆ ಮುಗಿದೊಡನೆ ಸೊಲ್ಲಾಪುರದ ಗಿರಣಿಗೆ ಹೋಗಿಬಿಡುತ್ತೇನೆ ಎನ್ನುತ್ತಿದ್ದ. ಇರುವ ಒಬ್ಬ ತಮ್ಮನೂ ಹೊರಟನೆಂದು ಮಾರ್ತವ್ವ ಒಳಗೊಳಗೇ ಅಳುತ್ತಿದ್ದಳು.

ಸರಿ, ಕುದುರೆಯ ರೆಕ್ಕೆ ಕಿತ್ತೆ. ರಾಕ್ಷಸ ಊರಿನ ಮೇಲೆ ಜ್ವರದ ಉಸಿರು ಬಿಟ್ಟ, ವಜ್ರಬಾಹು ಕಾಯಿಲೆಯ ತಾಯಿಯನ್ನು ಬಿಟ್ಟು ಓಡಿದ. ಬೆಲ್ಲದಲ್ಲಿ ಔಷಧವಿಟ್ಟು ಕೊಡುವ ವೈದ್ಯನಂತೆ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಓಡುವ ಭಾಗವಂತೂ ಬಹಳ ಸಲೀಸಾಗಿ ಬಂತು. ಅದೇಕೆಂದು ಆಗ ನಾನು ಯೋಚಿಸಲಿಲ್ಲ.

ಆ ಸೀರೆಗೆ ಸೆರಗು ಕೂಡಿಸುವ ದಿನ ಓದಿದೆ. ಕುಮಾರ ಬಾಗಲಕೋಟೆ ದಾರಿಯ ಅಮೀನಗಡದ ಹತ್ತಿರ ಮರದ ನೆರಳಿನಲ್ಲಿ ಕೂತು, ಮನಸ್ಸಿಗೆ ಬಹಳ ದುಃಖವಾಗಿದ್ದರಿಂದ ಕರದಂಟು ತಿಂದು, ಬೆರಳು ನೆಕ್ಕಿಕೊಂಡು ಹಿಂದೆ ತಿರುಗಿ ನೋಡಿದ ಎಂಬಲ್ಲಿಗೆ ಯೋಹಾನನ ಕೈ ನಿಂತಿತು.

"ಮಾವ, ಇದು ನನ್ನ ಕಥಿ ಅಲ್ಲೇನ್ರಿ?"

ನಾನು ಪ್ರಸಂಗದ ದನಿ ತೆಗೆಯಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವನೇ ಅಂದ: "ಆದ್ರ ನಾ ಓಡಿದ್ದು ಕುಷ್ಟಗಿ ದಾರಿ ಹಿಡದು. ಮೂರು ದಿನ ನೀರು ಬಿಟ್ರ ಏನೂ ಬಾಯಿಗೆ ಹಾಕಲಿಲ್ಲ. ಅಮೀನಗಡದಾಗ ಕುಂತು ಕರದಂಟು ತಿಂದಾವ ಯಾವ?"

"ನನಗ ಗೊತ್ತೈತಿ," ಎಂದಳು ಮಾರ್ತವ್ವ, ಎಳೆಯಿಂದ ಕಣ್ಣು ತೆಗೆಯದೆ. "ಪರೀಕ್ಷಾ ಅಂತ ಬಾಗಲಕೋಟಿಗೆ ಹೋದಾವ್ರು ಹದಿನೈದು ದಿನ ಬಿಟ್ಟು ಬಂದ್ರು. ಕೈಯಾಗ ಕರದಂಟಿನ ಗಂಟಿತ್ತು. ಪ್ಲೇಗಿಗೆ ಸಾಲಿ ಬಾಗಲಾನ ಹಾಕಿತ್ತು, ಪರೀಕ್ಷಾ ಯಾರಿಗ್ರಿ?"

ಫಾತಿಮಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು.

"ಗೊತ್ತಿದ್ದೂ ಇಷ್ಟು ದಿನ ಯಾಕ ಕೇಳಲಿಲ್ಲ?" ಎಂದೆ.

"ಕೇಳಿದ್ರ ಇನ್ನೊಂದು ಕಥಿ ಹೇಳ್ತಿದ್ರಿ."

ಯೋಹಾನ ನನ್ನನ್ನೇ ನೋಡುತ್ತಿದ್ದ. ಬೈಯುತ್ತಾನೆಂದುಕೊಂಡೆ. "ಖರೇನ ಮಾವ? ನೀವೂ ಓಡಿದ್ರಿ?" ಎಂದ, ಕಳೆದುಹೋದ ಅಣ್ಣ ಸಿಕ್ಕಷ್ಟು ಅಕ್ಕರೆಯಿಂದ. ಹೌದಪ್ಪಾ ಎಂದೆ. ಅವನು ನಾಲ್ಕನೆಯ ದಿನ ತಿರುಗಿ ಬಂದಿದ್ದ. ನಾನು ಜ್ವರ ಇಳಿದ ಸುದ್ದಿ ಕೇಳಿ ಬಂದವನು. ನನಗೆ ನಿಜಕ್ಕೂ ಬಹಳ ನಾಚಿಕೆಯಾಯಿತು.

ಆ ಭಾನುವಾರ ಪಾದ್ರಿಗಳು ಬಂದಿದ್ದರು. ಭೋಜನಕ್ಕೆ ಯಾವಾಗಲೂ ಮೊದಲು ಏಳುವವನು ನಾನು. ಅಂದು ಮುಂದೆ ಹೋಗಿ ಕೂರಲು ಮನಸ್ಸು ಬಾರದೆ ಚಪ್ಪಲಿಗಳ ನಡುವೆ ಯೋಹಾನನ ಪಕ್ಕದಲ್ಲೇ ಕೂತೆ. ಕರೆ ಬಂತು. ಒಬ್ಬೊಬ್ಬರೇ ಮುಂದೆ ಹೋದರು.

"ಏಳ್ರಿ ಮಾವ."

"ನೀ ಹೋಗಪಾ. ನನಗ ಅಂಜಿಕಿ ಆಗ್ತೈತಿ."

"ನನಗೂ ಆಗ್ತೈತ್ರಿ. ಇಬ್ರೂ ಕೂಡೇ ಹೋಗೂಣು ನಡೀರಿ," ಎಂದು ನನ್ನ ಮುಂಗೈ ಹಿಡಿದು ಎಬ್ಬಿಸಿಯೇಬಿಟ್ಟ. ನೇಕಾರನ ಹಿಡಿತ, ಬಿಡಿಸಿಕೊಳ್ಳುವಂತಿರಲಿಲ್ಲ. ಅಷ್ಟು ಜನರ ಮಧ್ಯೆ ಅವನು ನನ್ನನ್ನು ಎಳೆದುಕೊಂಡೇ ನಡೆದ. ಇಬ್ಬರೂ ರೊಟ್ಟಿ ತೆಗೆದುಕೊಳ್ಳುವವರೆಗೂ ಅವನು ಕೈ ಬಿಡಲಿಲ್ಲ. ಮುಂದೆ ಅವನು ಗಿರಣಿಯ ಮಾತೆತ್ತಲಿಲ್ಲ. ಮರುದಿನವೇ ಮಗ್ಗಕ್ಕೆ ಹೊಸ ಹಾಸು ಹೂಡಿದ.

ಅಂದು ಆರಾಧನೆ ಮುಗಿದ ಮೇಲೆ ಪಾದ್ರಿಗಳು ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಮಾಸ್ತರ್ರ, ಎರಡು ವರ್ಷದಿಂದ ನಮ್ಮ ಕಡೆಯಿಂದ ಆಗದ್ದನ್ನ ನೀವು ಮಾಡಿದ್ರಿ. ಕಡೀಕೂ ಯೋಹಾನನ್ನ ಕೈಹಿಡದು ಕರಕೊಂಡು ಬಂದ್ರಿ!" ಎಂದರು. ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಎಲ್ಲಾ ದೇವರ ಕೃಪಾ ರೀ," ಎಂಬ ಮಾತು ಬಂತು.

ಹಿಂದಿನಿಂದ ಮಾರ್ತವ್ವ ಕೆಮ್ಮಿದಳು.