ಬೈಲಹೊಂಗಲದ ಕೌದಿ ಇಂಟರ್ನೆಟ್ಟಿಗೆ ಏರಿದ್ದು

ನಮ್ಮ ಬೈಲಹೊಂಗಲದ ಪೇಟೆಯಲ್ಲಿ ಒಬ್ಬನ ವ್ಯಾಪಾರ ಕುದುರಿತೆಂದರೆ ಅದಕ್ಕೆ ತನ್ನ ಸಲಹೆಯೇ ಕಾರಣ ಎನ್ನುವವರು ಹತ್ತು ಜನ ಹುಟ್ಟಿಕೊಳ್ಳುತ್ತಾರೆ. ವ್ಯಾಪಾರ ಮುಳುಗಿದಾಗ ಮಾತ್ರ ಸಲಹೆ ಕೊಟ್ಟವರು ಯಾರೂ ಸಿಗುವುದಿಲ್ಲ. ಇದು ಮೊದಲಿನಿಂದ ನಡೆದುಬಂದದ್ದು, ಮುಂದೆಯೂ ನಡೆಯುತ್ತದೆ. ನನ್ನ ಟೇಲರ್ ಗೆಳೆಯನ ವಿಷಯದಲ್ಲಿ ಹನ್ನೊಂದನೆಯವನು ನಾನು.

ಅವನ ಅಂಗಡಿ ಕೆಳಗೆ, ನನ್ನ ಟೈಪಿಂಗ್ ಕ್ಲಾಸು ಮಾಳಿಗೆಯ ಮೇಲೆ. ಕೆಳಗಿನ ಹೊಲಿಗೆ ಮಶಿನ್ನು, ಮೇಲಿನ ಟೈಪ್‌ರೈಟರು ಒಂದೇ ಸಮನೆ ಕಟಕಟ ಎನ್ನುತ್ತಿದ್ದ ಆ ವರ್ಷಗಳಲ್ಲಿ ಯಾವ ಸದ್ದು ಯಾರದೆಂದು ನಮಗೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಇಬ್ಬರನ್ನೂ ಊರು ‘ಮಾಸ್ತರ’ ಎಂದೇ ಕರೆಯುತ್ತಿತ್ತು. ಪ್ಯಾಂಟಿನ ಅಳತೆ ಕೊಡಲು ಮೇಲೆ ಹತ್ತಿ ಬಂದು ಕೈ ಎತ್ತಿ ನಿಂತವರನ್ನು ನಾನು ಎಷ್ಟೋ ಸಲ ಕೆಳಗೆ ಕಳಿಸಿದ್ದೇನೆ.

೧. ಹೇಳಿದ ಹೊತ್ತಿಗೆ

ತೊಂಬತ್ತರ ದಶಕದ ಆರಂಭ. ಟಾಕೀಸಿನಲ್ಲಿ ಒಂದು ಸ್ಲೈಡು ಹಾಕಿಸು ಎಂದು ಗೆಳೆಯನಿಗೆ ಹೇಳಿದವನು ನಾನು. ‘ಹೇಳಿದ ದಿನ, ಹೇಳಿದ ಹೊತ್ತಿಗೆ ಬಟ್ಟೆ ತಯಾರು’ ಎಂಬ ವಾಕ್ಯವೂ ನನ್ನದೇ. ಗಾಜಿನ ಮೇಲೆ ಕೆಂಪು ಅಕ್ಷರ, ಪಕ್ಕದಲ್ಲಿ ಒಂದು ಕತ್ತರಿಯ ಚಿತ್ರ. ನೋಡಲು ಚೆನ್ನಾಗಿಯೇ ಇತ್ತು.

ಆಗ ಒಂದೇ ಸಿನಿಮಾದ ರೀಲುಗಳನ್ನು ಎರಡು ಊರಿನ ಟಾಕೀಸುಗಳು ಹಂಚಿಕೊಳ್ಳುತ್ತಿದ್ದವು. ಅಲ್ಲಿ ಓಡಿ ಮುಗಿದ ರೀಲು ಬಸ್ಸು ಹತ್ತಿ ಇಲ್ಲಿಗೆ ಬರಬೇಕು. ನಮ್ಮ ಸ್ಲೈಡಿನ ಮೊದಲ ದಿನವೇ ಕಿತ್ತೂರಿನಿಂದ ರೀಲು ತರುತ್ತಿದ್ದ ಬಸ್ಸು ದಾರಿಯಲ್ಲಿ ಪಂಕ್ಚರ್ ಆಯಿತು. ಇಂಟರ್ವಲ್ ಮುಗಿದರೂ ಉಳಿದರ್ಧ ಸಿನಿಮಾ ಬರಲಿಲ್ಲ. ಪರದೆ ಖಾಲಿ ಬಿಟ್ಟರೆ ಜನ ಕುರ್ಚಿ ಮುರಿಯುತ್ತಾರೆಂದು ಆಪರೇಟರು ಕೈಗೆ ಸಿಕ್ಕ ಸ್ಲೈಡನ್ನು ಹಾಕಿ ಚಹಾ ಕುಡಿಯಲು ಹೋದ. ‘ಹೇಳಿದ ದಿನ, ಹೇಳಿದ ಹೊತ್ತಿಗೆ’ ಎಂಬುದು ಮುಕ್ಕಾಲು ತಾಸು ಪರದೆಯ ಮೇಲೆ ನಿಂತಿತು.

“ಏ ಟೇಲರ್ ಮಾಸ್ತರ, ಪಿಚ್ಚರ್ ಹೊಲ್ಯಾಕ ಹಾಕೀಯೇನೋ?” ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ.

“ಹೊಲದ ಆಗೇತಂತ್ರ್ಯೋ! ಕಾಜಾ-ಗುಂಡಿ ಅಷ್ಟ ಉಳದಾವಂತ, ತಡೀರಿ!” ಎಂದು ಹಿಂದಿನಿಂದ ಇನ್ನೊಬ್ಬ.

ಗೆಳೆಯ ನನ್ನ ಪಕ್ಕದಲ್ಲೇ ಕುಳಿತಿದ್ದ. ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ, ಒಳ್ಳೆಯದೇ ಆಯಿತು. ಪ್ರಚಾರ ಫಲ ಕೊಡಲಿಲ್ಲ ಎನ್ನುವಂತಿಲ್ಲ. ಆ ವಾಕ್ಯ ಇಡೀ ಊರಿಗೆ ಬಾಯಿಪಾಠವಾಯಿತು. ಮುಂದೆ ಬಹಳ ವರ್ಷ ಅವನು ಒಂದು ದಿನ ತಡ ಮಾಡಿದರೂ ಗಿರಾಕಿಗಳು ಸಿಟ್ಟಾಗುತ್ತಿರಲಿಲ್ಲ. “ಯಾಕ್ರಿ ಮಾಸ್ತರ, ನಮ್ಮ ಪ್ಯಾಂಟ ಇನ್ನೂ ಕಿತ್ತೂರಾಗ ಐತೇನು?” ಎಂದಷ್ಟೇ ಕೇಳಿ ಹೋಗುತ್ತಿದ್ದರು.

೨. ಒಣಹಾಕಿದ್ದು

ಆಮೇಲೆ ಎದುರು ಸಾಲಿನಲ್ಲಿ ರೆಡಿಮೇಡ್ ಅಂಗಡಿ ಬಂತು. ಗಾಜಿನ ಬಾಗಿಲು, ಒಳಗೆ ತಲೆಯಿಲ್ಲದ ಗೊಂಬೆಗಳು. ಗೆಳೆಯನ ಮಶಿನ್ನಿನ ಸದ್ದು ಕಡಿಮೆಯಾಗುತ್ತ ಬಂದು, ಕೊನೆಗೆ ನನ್ನ ಟೈಪ್‌ರೈಟರೊಂದೇ ಕೇಳಿಸತೊಡಗಿತು.

“ರಮಜಾನ ತನಕ ನೋಡತೇನಿ. ವ್ಯಾಪಾರದ ಗಾಡಿ ದಿಬ್ಬ ಏರಲಿಲ್ಲಂದ್ರ ಬಾಗಲಾ ಹಾಕಿ ಹುಬ್ಬಳ್ಳ್ಯಾಗ ಯಾವುದರ ಗಾರ್ಮೆಂಟ್ಸ್ ಸೇರತೇನಿ” ಎಂದ. ಅವನ ಅಪ್ಪನೂ ಅದೇ ಕಟ್ಟೆಯ ಮೇಲೆ ಕುಳಿತು ಹೊಲಿದವನು. ಅಂಗಡಿ ಉಳಿಯಬೇಕು ಎಂಬುದೊಂದೇ ಅವನ ಆಸೆ. ನನಗೂ ಅಷ್ಟೇ. ಕೆಳಗೆ ಅವನಿಲ್ಲದೆ ಮೇಲೆ ಕುಳಿತು ನಾನೇನು ಮಾಡಲಿ?

ನಾನು ಗೋಡೆ ಬರಹ ಬರೆಸಿದೆ. ರಾಮದುರ್ಗದ ಸಂತೆಯಲ್ಲಿ ಕರಪತ್ರ ಹಂಚಿದೆ. ಜನ ಅವುಗಳಲ್ಲಿ ಮಿರ್ಚಿ-ಚುರುಮುರಿ ಕಟ್ಟಿಸಿಕೊಂಡು ಹೋದರು. ಏನೂ ಆಗಲಿಲ್ಲ.

ಅವನ ತಾಯಿಯನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಮನೋಳಿಯ ಹೆಣ್ಣುಮಗಳು, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆ ಸೀರೆಗಳನ್ನು ಪದರು ಹಾಕಿ ಆಕೆ ದಾರ ಎಳೆದರೆ ಸಾಲುಗಳು ಕುರಿಗೆಯಲ್ಲಿ ಬಿತ್ತಿದಂತೆ ನೆಟ್ಟಗೆ ಬರುತ್ತಿದ್ದವು. ಒಂದು ದಿನ ಆಕೆ ತನ್ನ ಕೌದಿ ಒಗೆದು ಅಂಗಡಿಯ ಮುಂದಿನ ಕಟಾಂಜನದ ಕಂಬಿಗಳ ಮೇಲೆ ಒಣಹಾಕಿದ್ದಳು. ಕಿತ್ತೂರಿನ ಕೋಟೆ ನೋಡಿ, ರಾಣಿಯ ಸಮಾಧಿ ನೋಡಲು ನಮ್ಮೂರಿಗೆ ಬಂದಿದ್ದ ಬೆಂಗಳೂರಿನ ಕಾರೊಂದು ಗಕ್ಕನೆ ನಿಂತಿತು. ಒಬ್ಬ ಹೆಣ್ಣುಮಗಳು ಇಳಿದು ಬಂದಳು.

“ಇದನ್ನ ಕೊಡ್ತೀರಾ?”

“ಮಾರೂದಲ್ರಿ ಬಾಯಾರ, ಒಣಗಾಕ ಹಾಕೇವಿ” ಎಂದ ಗೆಳೆಯ.

“ಒಣಗಿದ ಮೇಲೆ ಕೊಡ್ತೀರಾ?”

ಗೆಳೆಯ ತಾಯಿಯ ಮುಖ ನೋಡಿದ. ಚಾಚಿ ಒಳಗಿನಿಂದಲೇ ಹೇಳಿದಳು: “ಕೊಟ್ಟಬಿಡೋ. ಹಸೀದ ಬೇಡಾಕ ಹತ್ಯಾಳಂದ್ರ ಪಾಪ, ಎಷ್ಟ ಚಳಿ ಹತ್ತಿರಬೇಕು!”

ಆಗ ಏಪ್ರಿಲ್ ತಿಂಗಳು.

೩. ಕೈ ಎಲ್ಲಿಡಬೇಕು

ಮರುದಿನದಿಂದ ಗೆಳೆಯ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಒಗೆದು ಕಟಾಂಜನಕ್ಕೆ ಹಾಕಿದ. ಆದರೆ ಕಾರುಗಳು ದಿನಾ ಬರುವುದಿಲ್ಲ.

ಅಷ್ಟರಲ್ಲಿ ಶತಮಾನ ಬದಲಾಯಿತು. ಟೈಪಿಂಗ್ ಕಲಿಯುವವರು ಇಲ್ಲವಾದರು. ನಾನು ಒಂದು ಕಂಪ್ಯೂಟರು ತಂದು, ಬೋರ್ಡಿನ ಮೇಲೆ ‘ಟೈಪಿಂಗ್’ ಅಳಿಸಿ ‘ಇಂಟರ್ನೆಟ್’ ಬರೆಸಿದೆ. ಟೆಲಿಫೋನ್ ತಂತಿಯಿಂದಲೇ ಇಂಟರ್ನೆಟ್ ಬರಬೇಕು. ಬರುವಾಗ ಗಂಟಲು ಕಟ್ಟಿದ ಕೋಳಿಯಂತೆ ಕೂಗುತ್ತಿತ್ತು. ನಡುವೆ ಯಾರಾದರೂ ಫೋನೆತ್ತಿದರೆ ಮುಗಿಯಿತು.

ಪೇಪರಿನಲ್ಲಿ ಆನ್‌ಲೈನ್ ಮಾರ್ಕೆಟಿಂಗ್ ಬಗ್ಗೆ ಏನು ಬಂದರೂ ನಾನು ಕತ್ತರಿಸಿಟ್ಟುಕೊಂಡು, ಸಂಜೆ ಗೆಳೆಯನ ಅಂಗಡಿಯ ಬೆಂಚಿನ ಮೇಲೆ ಓದಿ ಹೇಳುತ್ತಿದ್ದೆ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಕೇಳುಗರಿಗೆ ಕೊರತೆ ಇರಲಿಲ್ಲ. ದನದ ಸಂತೆಯ ಹಿರಿಯ ದಲಾಲರೊಬ್ಬರು ತಪ್ಪದೆ ಬರುತ್ತಿದ್ದರು.

“ಮುಟ್ಟಿ ನೋಡೂದಿಲ್ಲ, ಹಲ್ಲ ನೋಡೂದಿಲ್ಲ, ವ್ಯಾಪಾರ ಹೆಂಗ ಮುಗೀತದ್ರಿ ಮಾಸ್ತರ?” ಎಂದು ಒಂದು ದಿನ ಕೇಳಿದರು.

“ಮ್ಯಾಲ ಬರ್ರಿ, ತೋರಸ್ತೇನಿ” ಎಂದು ಕರೆದೊಯ್ದು ಕುರ್ಚಿಯ ಮೇಲೆ ಕೂಡಿಸಿದೆ.

“ಕೈ ಎಲ್ಲಿಡಬೇಕ್ರಿ?”

ಮೌಸು ತೋರಿಸಿದೆ. ಅವರು ಅದರ ಮೇಲೆ ಕೈಯಿಟ್ಟರು. ಸುತ್ತ ನಿಂತವರನ್ನು ಒಮ್ಮೆ ನೋಡಿದರು. ಹೆಗಲ ಮೇಲಿನ ಟವೆಲು ತೆಗೆದು ಕೈ ಮತ್ತು ಮೌಸು ಎರಡನ್ನೂ ಮುಚ್ಚಿದರು. ನಲವತ್ತು ವರ್ಷ ಎತ್ತಿನ ದರವನ್ನು ಟವೆಲಿನ ಕೆಳಗೆ ಬೆರಳು ಹಿಡಿದೇ ಮುಗಿಸಿದವರು. ಪರದೆಯ ಮೇಲೆ ಬಾಣ ಅತ್ತಿತ್ತ ಓಡಾಡತೊಡಗಿತು. ದಲಾಲರು ಬಹಳ ಹೊತ್ತು ಗಂಭೀರವಾಗಿ ಬೆರಳಾಡಿಸಿ, ಕೊನೆಗೆ ಕೈ ಹಿಂದಕ್ಕೆ ತೆಗೆದರು.

“ಏನಾತ್ರಿ?” ಎಂದೆ.

“ಆಗೂದಿಲ್ಲ ಬಿಡ್ರಿ. ಭಾಳ ಬಿಗಿ ಅದಾನ. ಒಂದ ಬೆರಳ ಸೈತ ಬಿಡವಲ್ಲ.”

೪. ಯಾರ ಸೀರೆ

ಸ್ಟುಡಿಯೊದವರಿಂದ ಕೌದಿಯ ಫೋಟೊ ತೆಗೆಸಿ, ಬೆಳಗಾವಿಯ ಪರಿಚಿತರೊಬ್ಬರಿಂದ ಒಂದು ಪುಟದ ವೆಬ್‌ಸೈಟು ಮಾಡಿಸಿದೆವು. ಮೂರು ತಿಂಗಳು ಯಾರೂ ಬರಲಿಲ್ಲ. ನಾಲ್ಕನೆಯ ತಿಂಗಳು ದಿಲ್ಲಿಯಿಂದ ಒಬ್ಬ ಹೆಣ್ಣುಮಗಳ ಇ-ಮೇಲ್ ಬಂತು: ಒಂದು ಕೌದಿ ಬೇಕು. ನಾನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದೆ.

ಚಾಚಿ ಎಲ್ಲ ಕೇಳಿ, “ಆಕಿಗೆ ಹೇಳು, ಸೀರಿ ಕಳಸು ಅಂತ” ಎಂದಳು.

“ಯಾವ ಸೀರಿ, ಚಾಚಿ?”

“ಆಕಿ ಮನ್ಯಾವು. ಕಂಡವರ ಸೀರಿ ಹೊತಗೊಂಡ ಯಾರರ ಮಲಗತಾರೇನು? ಕನಸ ಸೈತ ಅವರವ ಬೀಳತಾವ. ಬೆಂಗಳೂರಾಕಿ ಚಳಿಗೆ ಬೇಡಿದ್ಲು, ಅದ ಬ್ಯಾರೆ.”

ನಾನು ಒಂದು ತಾಸು ವಾದಿಸಿದೆ. ಪೇಪರಿನ ತುಣುಕುಗಳನ್ನು ತೋರಿಸಿದೆ. ಗಿರಾಕಿಗೆ ಕೆಲಸ ಹಚ್ಚಬಾರದು ಎಂಬುದು ಆನ್‌ಲೈನ್ ಮಾರ್ಕೆಟಿಂಗಿನ ಮೊದಲ ಪಾಠ ಎಂದೆ. ಚಾಚಿ ಸೂಜಿಗೆ ದಾರ ಪೋಣಿಸುತ್ತ ಕುಳಿತಳು. ಸೋತು ಇ-ಮೇಲ್ ಬರೆದೆ. ಇದ್ದೊಬ್ಬ ಗಿರಾಕಿಯೂ ಹೋಯಿತೆಂದು ಗೆಳೆಯನಿಗೆ ಸಮಾಧಾನವನ್ನೂ ಹೇಳಿದೆ.

ಹದಿನೈದು ದಿನಕ್ಕೆ ಪಾರ್ಸೆಲ್ ಬಂತು. ಐದು ಹತ್ತಿ ಸೀರೆ, ಒಂದು ಚೀಟಿ. ಸೀರೆಗಳು ತೀರಿಹೋದ ತಾಯಿಯವು, ಟ್ರಂಕಿನಿಂದ ತೆಗೆಯಲೂ ಆಗದೆ ಇಡಲೂ ಆಗದೆ ಆರು ವರ್ಷವಾಗಿತ್ತು, ಏನು ಮಾಡಬೇಕೆಂದು ಇಷ್ಟು ದಿನ ಯಾರೂ ಹೇಳಿರಲಿಲ್ಲ ಎಂದು ಬರೆದಿದ್ದಳು. ಓದಿ ಹೇಳಿದೆ. ಗೆಳೆಯ ಮಶಿನ್ನಿಗೆ ಎಣ್ಣೆ ಬಿಡತೊಡಗಿದ, ಅದಕ್ಕೆ ಬೇಕಿರಲಿಲ್ಲ.

ಆ ಕೌದಿ ದಿಲ್ಲಿ ಮುಟ್ಟಿದ ಮೇಲೆ ಇ-ಮೇಲ್‌ಗಳು ಒಂದರ ಹಿಂದೆ ಒಂದು ಬಂದವು. ಸೀರೆಯ ಗಂಟುಗಳು ಎಲ್ಲೆಲ್ಲಿಂದಲೋ ಬಂದು ಬಿದ್ದವು. ಪುಣೆಯ ಒಬ್ಬ ಸೊಸೆ ಒಂಬತ್ತು ಸೀರೆ ಕಳಿಸಿದಳು. ಮೂರನೆಯ ದಿನ ಅದೇ ಮನೆಯಿಂದ ಫೋನು ಬಂತು. ಮಾತು ಸವದತ್ತಿ ಕಡೆಯದು, ಧ್ವನಿ ಅತ್ತೆಯದು.

“ನನ್ನ ಸೀರಿ ನಿಮ್ಮಲ್ಲಿ ಬಂದಾವೇನ್ರಿ?”

“ನಿಮ್ಮವೇನ್ರಿ ಅವು?” ಗೆಳೆಯ ಗಾಬರಿಯಾದ.

“ನಾ ಇನ್ನೂ ಉಡಾಕ ಹತ್ತೇನಿ! ದೇವದರ್ಶನಕ್ಕ ಹೋಗಿ ಬರೂದ್ರಾಗ ಕಪಾಟ ಖಾಲಿ!”

“ತಪ್ಪಾತ್ರೀ ಅಮ್ಮಾರ, ಇವತ್ತ ವಾಪಸ್ ಕಳಸ್ತೇನಿ.”

ಆ ಕಡೆ ಇನ್ನೊಂದು ಕಪಾಟಿನ ಬಾಗಿಲು ತೆಗೆದ ಸದ್ದಾಯಿತು. “ಬ್ಯಾಡ, ತಡೀರಿ. ಸೊಸೀದೂ ಲಗ್ನದ ಸೀರಿ ಕಳಸ್ತೇನಿ. ಎರಡೂ ಕೂಡಿಸಿ ಹೊಲೀರಿ.”

೫. ಸತ್ಕಾರ

ರಮಜಾನ ಎಷ್ಟೋ ಬಂದುಹೋಗಿದ್ದವು, ಅಂಗಡಿಗೆ ಬೀಗ ಬೀಳಲಿಲ್ಲ. ಕಟಕೋಳ, ಸಾಲಹಳ್ಳಿಗಳಲ್ಲೂ ಹೆಂಗಸರು ಇವನಿಗಾಗಿ ಕೌದಿ ಹೊಲಿಯತೊಡಗಿದರು. ಆಗ ಮುಂಬಯಿಯ ದೊಡ್ಡ ಅಂಗಡಿಯೊಂದು ಮೂವತ್ತು ಕೌದಿ ಕೇಳಿತು. ಟೇಲರನ ಕಟಿಂಗ್ ತುಂಡುಗಳು ಯಾರೂ ಉಡದ ಬಟ್ಟೆ, ಹಾಗಾಗಿ ಅಡ್ಡಿಯಿಲ್ಲ ಎಂದು ಚಾಚಿ ತೀರ್ಪು ಕೊಟ್ಟಳು. ಮೂವತ್ತನ್ನೂ ಆಕೆಯೂ ನೆರೆಮನೆಯಾಕೆಯೂ ಕೂಡಿ ತಮ್ಮ ಅಂಗಳದಲ್ಲೇ ಮುಗಿಸಿದರು. ಊರಿನ ವ್ಯಾಪಾರಸ್ಥರು ಬರುವ ರವಿವಾರ ಗೆಳೆಯನಿಗೆ ಸತ್ಕಾರ ಎಂದು ಪೆಂಡಾಲು ಹಾಕಿಸಿದರು.

ಮಂಗಳವಾರ ಮುಂಬಯಿಯಿಂದ ಇ-ಮೇಲ್ ಬಂತು. ‘ಕೌದಿಗಳಿಗೆ ಇರುವೆ ಮುತ್ತಿವೆ. ಬಿಚ್ಚಿ ನೋಡಿದರೆ ಮೂಲೆಯಲ್ಲಿ ಒಣ ರೊಟ್ಟಿಯ ತುಣುಕು. ಕಾರಣ ತಿಳಿಸಿ. ಇಲ್ಲವಾದರೆ ಮೂವತ್ತನ್ನೂ ಹಿಂದಕ್ಕೆ ಕಳಿಸುತ್ತೇವೆ.’

ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ತುಣುಕು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಯಾರಿಗೂ ಹೇಳುವುದಿಲ್ಲ. ಮುಂಬಯಿಗೂ ಹೇಳಿರಲಿಲ್ಲ.

“ಮೂವತ್ತೂ ತಿರಗಿ ಬಂದ್ರ ನಾ ಊರಾಗ ಹೆಂಗ ತಿರಗಲಿ? ರವಿವಾರ ಹಾರ ಬ್ಯಾರೆ ಹಾಕತಾರ” ಎಂದ ಗೆಳೆಯ. ಕ್ಷಮಾಪಣೆ ಬರೆಯೋಣ, ಇನ್ನು ಮುಂದೆ ರೊಟ್ಟಿ ಇಡುವುದಿಲ್ಲ ಎನ್ನೋಣ ಎಂದೆ. ಚಾಚಿ ಸೂಜಿ ಕೆಳಗಿಟ್ಟಳು.

“ಬರಕೋ ತಮ್ಮಾ. ನಾವು ಉಣ್ಣೂದ್ರಾಗಿಂದ ಒಂದ ತುತ್ತ ನಿಮಗೂ ಇಟ್ಟೇವಿ. ಹಸದ ಹಾಸಿಗಿ ಮ್ಯಾಲ ಮಲಗಿದವರಿಗೆ ನಿದ್ದಿ ಬರೂದಿಲ್ಲ. ಇರವಿ ಬಂದಿದ್ರ ಉಂಡ ಹೋಗಲಿ ಬಿಡ್ರಿ, ನಿಮ್ಮದೇನ ಗಂಟ ಹೋಗತೈತಿ?”

ಫೋನು ಯಾವಾಗ ಕಡಿದುಹೋಗುತ್ತದೋ ಎಂಬ ಭಯದಲ್ಲಿ, ತಿದ್ದಲು ಪುರುಸೊತ್ತಿಲ್ಲದೆ, ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿಗೆ ಹಾಕಿ ಕಳಿಸಿದೆ. ಬುಧವಾರ ಉತ್ತರವಿಲ್ಲ. ಶನಿವಾರವೂ ಇಲ್ಲ.

ರವಿವಾರ ಗೆಳೆಯ ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತ. ಕೌದಿ ಮಾರುವವನಿಗೆ ಏಳು ಶಾಲು. ಪ್ರತಿಯೊಂದು ಬಂದಾಗಲೂ ಅವನು ಅಂಚು ತಿರುವಿ ಹೊಲಿಗೆ ನೋಡುತ್ತಿದ್ದ. ಮುಖ ಮಾತ್ರ ದವಾಖಾನೆಯಲ್ಲಿ ಕುಳಿತವನದು. ಮುಖಂಡರೊಬ್ಬರು ಭಾಷಣದಲ್ಲಿ, ಸಾಲಹಳ್ಳಿಯ ರಸ್ತೆ ದುರಸ್ತಿಯಾದ ಕೂಡಲೇ ಇಂಟರ್ನೆಟ್ ಅಲ್ಲಿಗೂ ಬಂದು ಹೋಗಲಿದೆ ಎಂದು ಭರವಸೆ ಕೊಟ್ಟರು. ನಾನು ಚಪ್ಪಾಳೆಯ ನಡುವೆ ಎದ್ದು ಮಾಳಿಗೆಗೆ ಓಡಿದೆ. ಟೆಲಿಫೋನ್ ತಂತಿಯ ಕೋಳಿ ಕೂಗಿತು. ಉತ್ತರ ಬಂದಿತ್ತು.

ಓಡಿ ಬಂದವನ ಮುಖ ನೋಡಿ ಗೆಳೆಯ ಮೈಕನ್ನು ನನ್ನ ಕೈಗೇ ಕೊಟ್ಟ. “ಓದಿಬಿಡು ಮಾರಾಯಾ, ಏನಿದ್ರೂ ಎಲ್ಲಾರ ಮುಂದ ಆಗಲಿ.”

ಓದಿದೆ. ‘ನಿಮ್ಮ ತಾಯಿಯವರ ಮಾತನ್ನು ಅಂಗಡಿಯಲ್ಲಿ ಬರೆದು ಹಾಕಿದೆವು. ಗಿರಾಕಿಗಳು ಮೂಲೆ ಹಿಚುಕಿ, ರೊಟ್ಟಿ ಇರುವುದನ್ನು ಖಾತ್ರಿ ಮಾಡಿಕೊಂಡು ಒಯ್ಯುತ್ತಿದ್ದಾರೆ. ಇಪ್ಪತ್ತೊಂಬತ್ತು ಮಾರಾಟವಾದವು. ಉಳಿದ ಒಂದರಲ್ಲಿ ರೊಟ್ಟಿ ಇಲ್ಲ. ಅದನ್ನು ಯಾರೂ ಮುಟ್ಟುತ್ತಿಲ್ಲ. ದಯವಿಟ್ಟು ಬದಲಿಸಿ ಕೊಡಿ. ಇನ್ನೂ ಅರವತ್ತು ಕಳಿಸಿ.’

ಪೆಂಡಾಲಿನಲ್ಲಿ ಸೀಟಿ, ಚಪ್ಪಾಳೆ. ಗೆಳೆಯ ಏಳು ಶಾಲುಗಳ ಒಳಗೆ ಕಣ್ಣೊರೆಸಿಕೊಂಡ. ಚಾಚಿ ಮಾತ್ರ ಹೆಂಗಸರ ಸಾಲಿನಲ್ಲಿ ಎದ್ದು ನಿಂತಿದ್ದಳು. ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯಾಕೆಯನ್ನು ಗಟ್ಟಿಯಾಗಿ ಕೇಳಿದಳು: “ಕಡೀ ಕೌದಿಗೆ ನೀ ರೊಟ್ಟಿ ಇಡಲಿಲ್ಲೇನ?”

“ನಾ ಕೈ ತೊಳಕೊಂಡ ಬರೂದ್ರಾಗ ತಾಟ ಖಾಲಿ ಇತ್ತು. ನೀವ ಇಟ್ಟೀರಿ ಅಂತ ಮೂಲಿ ಹೊಲದ್ನಿ.”

“ನಾ ಎಲ್ಲಿ ಇಟ್ಟೆ? ತಾಟಿನಾಗಿಂದು ಹೋತೆಲ್ಲಿ?”

ಇಡೀ ಪೆಂಡಾಲು ಅವರತ್ತ ತಿರುಗಿತು. ಮೈಕು ನನ್ನ ಕೈಯಲ್ಲೇ ಇತ್ತು. ಕಡೆಯ ಕೌದಿ ಮುಗಿಯುವ ದಿನ ಅವರ ಅಂಗಳಕ್ಕೆ ನಾನು ವಿಳಾಸದ ಚೀಟಿ ಅಂಟಿಸಲು ಹೋಗಿದ್ದೆ. ಕೌದಿಯ ಪಕ್ಕದಲ್ಲಿ ತಾಟು, ತಾಟಿನಲ್ಲಿ ಒಂದು ತುಣುಕು ರೊಟ್ಟಿ. ಮಧ್ಯಾಹ್ನದ ಹೊತ್ತು, ಹಸಿವಾಗಿತ್ತು.

“ಚಾಚಿ,” ಎಂದೆ. ಮೈಕು ಆ ಮಾತನ್ನು ಇಡೀ ಪೇಟೆಗೆ ಕೇಳಿಸಿತು. “ಅದು ನನಗ ಇಟ್ಟಿದ್ದು ಅಂತ ತಿಳದ್ನಿ.”

ಚಾಚಿ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು, ಅಳತೆ ತೆಗೆದಂತೆ. ಆಮೇಲೆ ಮಗನಿಗೆ ಹೇಳಿದಳು:

“ಬ್ಯಾರೆ ಕೌದಿ ಕಳಸೂದೇನ ಬ್ಯಾಡ. ರೊಟ್ಟಿ ಇವನ ಹೊಟ್ಟ್ಯಾಗ ಐತಿ. ಇವನ್ನ ಒಯ್ದ ಆ ಮೂಲ್ಯಾಗ ಕೂಡಿಸಿ ಹೊಲದ ಬಾ.”