ಗೋಡೆಗೆ ಮುಖ ಮಾಡಿದ ಸಮುದ್ರ

ಗೋಡೆಗೆ ಮೊಳೆ ಹೊಡೆಯುವಷ್ಟು ಅಧಿಕಾರವಾದರೂ ಮನೆಯ ಯಜಮಾನನಿಗೆ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಹೊಡೆಯುವ ಅಧಿಕಾರವೇನೋ ಇದೆ, ಅದಕ್ಕೆ ಏನನ್ನು ತೂಗುಹಾಕಬೇಕೆಂಬುದು ಮಾತ್ರ ಬೇರೆಯವರ ಖಾತೆ. ನ್ಯಾಮತಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾದ ನಾನು, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಚಿತ್ರವೊಂದಕ್ಕೆ ಮನಸೋತು ಹೊನ್ನಾಳಿಯ ಮನೆಗೆ ಹೊತ್ತು ತಂದೆ. ಇನ್ನೂರು ವರ್ಷದ ಹಿಂದೆ ಯೂರೋಪಿನವನ್ಯಾರೋ ಬರೆದದ್ದರ ಅಚ್ಚು: ಕರಿಬಂಡೆಗಳ ಕಡಲತೀರ, ಬಿರುಗಾಳಿ, ಬಂಡೆಯೆತ್ತರ ಎದ್ದ ಅಲೆ, ಮೂಲೆಯಲ್ಲಿ ಓಲಾಡುವ ಪುಟ್ಟ ದೋಣಿ. ಆ ಕಾಲದ ಚಿತ್ರಕಾರರಿಗೆ ಪ್ರಕೃತಿ ಸುಮ್ಮನಿದ್ದರೆ ಸಮಾಧಾನವೇ ಇರುತ್ತಿರಲಿಲ್ಲ. ಕಟ್ಟು ಹಾಕಿಸಲು ಕೊಟ್ಟಾಗ ಅಂಗಡಿಯವನು, "ಹಾರ ಹಾಕಾಕೆ ಕೊಕ್ಕೆ ಬಿಡ್ಲೇನ್ ಸಾರ್?" ಎಂದ. ಅವನ ತಪ್ಪಲ್ಲ. ನಮ್ಮಲ್ಲಿ ಗಾಜಿನೊಳಗೆ ಹೋಗುವವರು ದೇವರು, ಇಲ್ಲವೇ ತೀರಿಕೊಂಡವರು.

ನನ್ನ ಹೆಂಡತಿ ಗಿರಿಜಾ ಜಗಳೂರಿನವಳು, ಸಮುದ್ರ ಕಂಡವಳಲ್ಲ. "ಸೂಳೆಕೆರೆಗಿಂತ ದೊಡ್ಡದೇನ್ರೀ?" ಎಂದಳು. ನಾನು ಸಮುದ್ರದ ಮೇಲೆ ದೊಡ್ಡ ಭಾಷಣವನ್ನೇ ಬಿಗಿದೆ. ನಾನೂ ಅದನ್ನು ಒಮ್ಮೆ ಮಾತ್ರ ಕಂಡವನು, ಮೊದಲ ಅಲೆಗೇ ಒಂದು ಚಪ್ಪಲಿ ಒಪ್ಪಿಸಿ ಕುಂಟುತ್ತಾ ಬಸ್ಸು ಹತ್ತಿದವನು ಎಂಬುದನ್ನು ಬಿಟ್ಟೆ. ಅವಳು ನೋಡುತ್ತಿದ್ದದ್ದು ದೋಣಿಯನ್ನು. "ಇದ್ರಾಗಿರೋರು ದಡ ಮುಟ್ತಾರಾ?"

"ಅದು ಚಿತ್ರ ಕಣೇ."

"ಅಂದ್ರೆ ಮುಟ್ಟಂಗಿಲ್ಲ" ಎಂದು ಒಳಗೆ ಹೋದಳು.

ಅಂದಿನಿಂದ ಸಂಜೆ ಮನೆಗೆ ಬಂದರೆ ಚಿತ್ರ ಸೊಟ್ಟಗಿರುತ್ತಿತ್ತು. ಮೊಳೆ ಬದಲಿಸಿದೆ. ಇನ್ನೂ ದಪ್ಪ ಮೊಳೆ ಹೊಡೆದೆ, ಗಾರೆ ಉದುರಿತು. ಈಗಿನ ಮೊಳೆಗಳ ಗುಣಮಟ್ಟದ ಬಗ್ಗೆ ಸ್ಟಾಫ್ ರೂಮಿನಲ್ಲಿ ಮಾತಾಡಿ ಎಲ್ಲರ ತಲೆ ತಿಂದೆ. ಒಂದು ದಿನ ಬೆಳಿಗ್ಗೆ ಮಳೆಯಲ್ಲೇ ಸ್ಕೂಟರ್ ಹೊರಡಿಸಿದವನು ಕನ್ನಡಕ ಮರೆತು ವಾಪಸ್ ಬಂದೆ. ಸಮುದ್ರ ಗೋಡೆಗೆ ಮುಖ ಮಾಡಿತ್ತು, ನನಗೆ ಕಂಡದ್ದು ಹಿಂದಿನ ರಟ್ಟು.

ಗಿರಿಜಾ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಬಂದಳು. "ನೀವು ಮಳೆಯಾಗೆ ಗಾಡಿ ಮ್ಯಾಲೆ ಹೋಗಿರ್ತೀರಿ. ಆ ದೋಣಿ ನೋಡ್ಕಂತ ನಂಗೆ ರೊಟ್ಟಿ ಬಡಿಯಾಕೆ ಆಗಂಗಿಲ್ಲ. ಸಂಜಿಗೆ ನಿಮ್ಮ ಗಾಡಿ ಸದ್ದು ಕೇಳಿದ ಮ್ಯಾಲೆ ತಿರುಗಿಸ್ತೀನಿ."

"ತೆಗೆದೇ ಬಿಡ್ಲಾ?"

"ಬ್ಯಾಡ್ರಿ. ನೀವು ಅದನ್ನ ನೋಡ್ಕಂತ ಚಾ ಕುಡಿಯೋದು ಚೆಂದ ಐತೆ."

ಇಷ್ಟು ದಿನ ಮೊಳೆಯನ್ನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು. ಕನ್ನಡಕ ಹಾಕಿಕೊಂಡು ಹೊರಟೆ, ಗಾಡಿಯನ್ನು ಎಂದಿಗಿಂತ ನಿಧಾನ ಓಡಿಸಿದೆ.

ಮೊನ್ನೆ ಅವಳು ತಂಗಿಯನ್ನು ನೋಡಲು ಜಗಳೂರಿಗೆ ಹೊರಟಳು. ಬಸ್ಸು ಹತ್ತಿಸಿ ಬಂದು, ಚಾ ಮಾಡಿಕೊಂಡು ಚಿತ್ರದೆದುರು ಕೂತೆ. ಹೊರಗೆ ಮೋಡ ಕವಿದಿತ್ತು. ಕಲೆ ಬೇರೆ, ಬದುಕು ಬೇರೆ ಎಂದು ಮಕ್ಕಳಿಗೆ ಪಾಠ ಹೇಳುವವನು ನಾನು. ದೋಣಿ ಯಾಕೋ ಹೆಚ್ಚೇ ಓಲಾಡಿದಂತೆ ಕಂಡಿತು. ಕುಡಿಯಲಾಗಲಿಲ್ಲ. ಎದ್ದು, ಕಿಟಕಿಯಾಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಮುದ್ರವನ್ನು ಗೋಡೆಗೆ ತಿರುಗಿಸಿದೆ. ಸಂಜೆ ಫೋನ್ ಬಂತು. "ಮುಟ್ಟಿದೆ ರೀ" ಎಂದಳು. ಆಮೇಲೆ ತಿರುಗಿಸಿದೆ.

ವಾಪಸ್ ಬಂದವಳು ಚೀಲ ಕೆಳಗಿಡುವ ಮೊದಲೇ ಗೋಡೆ ನೋಡಿದಳು.

"ಸೊಟ್ಟ ಐತಲ್ರೀ?"

"ಮೊಳೆ ಸರಿಯಿಲ್ಲ" ಎಂದೆ.